ಒಳಗೋಡೆಯ ಕೆಂಪು

ಮಕ್ಕಳು ಒಂದು ವಾರ ಅಮ್ಮನ ಮನೆಯಲ್ಲಿ, ಒಂದು ವಾರ ಅಪ್ಪನ ಮನೆಯಲ್ಲಿ. ಶುಕ್ರವಾರ ಶಾಲೆ ಬಿಟ್ಟ ಮೇಲೆ ಮನೆ ಬದಲು. ಎಲ್ನಾ ಅವರ ಅಪ್ಪ ತೋರ್ಕೆಲ್‌ನ ಸಂಗಾತಿಯಾಗಿ ಅವನ ಮನೆಗೆ ಬಂದು ಎರಡು ವರ್ಷವಾಗಿತ್ತು. ಮಕ್ಕಳಿರುವ ವಾರದಲ್ಲಿ ತಾನು ಅವರಿಗೆ ಯಾರು ಎಂದು ಅವಳಿಗೆ ತಿಳಿಯುತ್ತಿರಲಿಲ್ಲ. ಮಕ್ಕಳಿಲ್ಲದ ವಾರದಲ್ಲಿ ಹಾಗೆ ಕೇಳಿಕೊಳ್ಳಲೂ ಕಾರಣವಿಲ್ಲದೆ ಮನೆ ಬಿಕೋ ಎನ್ನುತ್ತಿತ್ತು.

ಐದು ವರ್ಷದ ಟಿಲ್ಡಾ ಯಾರ ತೊಡೆ ಸಿಕ್ಕರೂ ಏರಿ ಕೂರುವವಳು. ಒಂಬತ್ತರ ಸಿಗ್ನೆ ಹಾಗಲ್ಲ. ಕೇಳಿದ್ದಕ್ಕೆ ಉತ್ತರ, ಬಡಿಸಿದ್ದಕ್ಕೆ ಒಂದು ಥ್ಯಾಂಕ್ಸ್, ಅಷ್ಟೇ. ಅವಳು ಜಗಳಕ್ಕೆ ಬಂದಿದ್ದರೂ ಎಲ್ನಾಳಿಗೆ ಸಮಾಧಾನವಾಗುತ್ತಿತ್ತೇನೋ.

ಏಪ್ರಿಲ್‌ನಲ್ಲಿ, ಹಿತ್ತಲಿನ ಹಿಮ ಕರಗಿದ ಹೊಸತರಲ್ಲಿ, ಸಿಗ್ನೆ ಎರಡು ಪೈನ್ ಮರಗಳ ನಡುವೆ ಕತ್ತೆತ್ತಿ ನಿಂತು ಅಪ್ಪನಿಗೆ ಹೇಳುತ್ತಿದ್ದುದು ಅಡುಗೆಮನೆಯ ಕಿಟಕಿಯಿಂದ ಕೇಳಿಸಿತ್ತು.

“ಅಲ್ಲೊಂದು ಮನೆ ಇದ್ರೆ ನಾನು ಕೆಳಗೇ ಇಳಿಯಲ್ಲ ಅಪ್ಪಾ. ಅಮ್ಮನ ಹೊಸ ಫ್ಲ್ಯಾಟಲ್ಲಿ ಎಲ್ಲಾ ಗೋಡೆನೂ ಬಿಳಿ. ಹಲ್ಲಿನ ಡಾಕ್ಟರ್ ಹತ್ರ ಹೋದಂಗಿರತ್ತೆ.”

ಎಲ್ನಾಳಿಗೆ ಹೇಳಿದ ಮಾತಲ್ಲ ಅದು. ಆದರೂ ತನಗೇ ಹೇಳಿದ್ದೆಂಬಂತೆ ಅವಳು ಅಂದು ಸಂಜೆ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಅದರ ಕೆಳಗೆ ಮರದ ಮೇಲಿನ ಮನೆಯ ಮೊದಲ ಚಿತ್ರ ಬಿಡಿಸಿದಳು.

ಕೆಲಸವೆಲ್ಲ ಮಕ್ಕಳಿಲ್ಲದ ವಾರಗಳಲ್ಲಿ, ಉಳಿದಂತೆ ಎಲ್ಲವೂ ಟಾರ್ಪಾಲಿನ ಮರೆಯಲ್ಲಿ. ತೊಲೆ ಏರಿಸಿದ್ದು, ಅಟ್ಟಣಿಗೆ ಹಾಸಿದ್ದು ತೋರ್ಕೆಲ್. ಒಂದು ತುದಿಯ ಬೋಲ್ಟನ್ನು ಬೇಕೆಂದೇ ಸಡಿಲ ಬಿಟ್ಟ. “ಗಾಳಿಗೆ ಮರ ಆಡತ್ತೆ ಕಣೇ. ಬಿಗಿದು ಕಟ್ಟಿದ್ರೆ ಮರವೇ ಮನೇನ ಕಿತ್ತು ಬಿಸಾಕತ್ತೆ.” ಉಳಿದದ್ದೆಲ್ಲ ಎಲ್ನಾಳ ಕೆಲಸ. ಕೂತಾಗ ಸಿಗ್ನೆಯ ಕಣ್ಣು ಎಷ್ಟೆತ್ತರಕ್ಕೆ ಬರುತ್ತದೆಂದು ಅವಳನ್ನೇ ಕೂರಿಸಿ ಅಳೆಯುವ ಸಲಿಗೆ ಇರಲಿಲ್ಲ. ಊಟದ ಹೊತ್ತಿನಲ್ಲಿ ಹುಡುಗಿಯ ಕಣ್ಣು ಕುರ್ಚಿಯ ಬೆನ್ನಿನಲ್ಲಿ ಎಲ್ಲಿಗೆ ಬರುತ್ತದೆಂದು ನೋಡಿಟ್ಟುಕೊಂಡು, ಆಮೇಲೆ ಅಲ್ಲಿಗೆ ಟೇಪು ಹಿಡಿದಳು. ಸರೋವರ ಕಾಣುವಂತೆ ಅಷ್ಟೇ ಎತ್ತರಕ್ಕೆ ಒಂದು ಕಿಟಕಿ, ಟಿಲ್ಡಾಳಿಗಾಗಿ ಅದರ ಕೆಳಗೊಂದು ಪುಟ್ಟ ಕಿಟಕಿ. ಹಳೆಯ ಮೇಜುಬಟ್ಟೆಯ ಪರದೆ. ಆಗಸ್ಟಿನ ಸಿಗಡಿ ಊಟಕ್ಕೆ ತೂಗುಹಾಕುವ ನಗುಮೊಗದ ಚಂದ್ರನ ಕಾಗದದ ಗೂಡುದೀಪಗಳು ಸೂರಿನುದ್ದಕ್ಕೂ. ನೆಲವನ್ನು ಮಾತ್ರ ನಕ್ಷೆಯಲ್ಲಿ ಎರಡಡಿ ಹೆಚ್ಚು ಅಗಲ ಮಾಡಿದ್ದಳು. ಏಕೆಂದು ತೋರ್ಕೆಲ್ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಇಬ್ಬರು ಮಕ್ಕಳು ಕಾಲು ಚಾಚಿ ಕೂತ ಮೇಲೂ ಮೂರನೆಯವರೊಬ್ಬರು ಮಂಡಿ ಮಡಚಿ ಕೂರುವಷ್ಟು ಜಾಗ ಅದು.

ಕೊನೆಯ ವಾರ ತೋರ್ಕೆಲ್ ಮರ ಕಡಿಸುವ ಕೆಲಸಕ್ಕೆ ಉತ್ತರದ ಕಾಡಿಗೆ ಹೋದ. ಎಲ್ನಾ ಒಬ್ಬಳೇ ಬಣ್ಣ ಬಳಿದಳು. ಊರಿನ ಮನೆ, ಕೊಟ್ಟಿಗೆ, ದೋಣಿಮನೆಗಳೆಲ್ಲ ಹೊದ್ದಿರುವುದು ಗಣಿಯ ಮಣ್ಣಿನಿಂದ ಮಾಡಿದ ಅದೇ ಕೆಂಪು. ಹೊರಗೆ ಬಳಿದು ಮುಗಿದಾಗ ಡಬ್ಬಿಯಲ್ಲಿ ಅರ್ಧ ಉಳಿದಿತ್ತು. ಒಳಗಿನ ಹಲಗೆಗಳು ಬೋಳು ಬೋಳಾಗಿ ಕಂಡವು. ಬಿಳಿ ಗೋಡೆಯ ಮಾತು ನೆನಪಾಗಿ ಒಳಗೂ ಬಳಿದಳು, ಎರಡು ಸಲ. ಅವಳು ಬೆಳೆದದ್ದು ದಕ್ಷಿಣದ ಪಟ್ಟಣದ ಇಟ್ಟಿಗೆ ಮನೆಯಲ್ಲಿ; ಈ ಬಣ್ಣ ಅವಳಿಗೆ ಹೊಸತು.

ಆ ಶುಕ್ರವಾರ ಶಾಲೆಯ ಕೊನೆಯ ದಿನ. ಹುಡುಗಿಯರು ಬಿಳಿ ಫ್ರಾಕು ತೊಟ್ಟು, ಹಾಡು ಹೇಳಿ, ಕಾಡಿನಿಂದ ಅಂದೇ ಮರಳಿದ್ದ ಅಪ್ಪನ ಕಾರಿನಲ್ಲಿ ಬಂದಿಳಿದರು. ಸಿಗ್ನೆ ಹಿತ್ತಲಿಗೆ ಬಂದವಳೇ ನಿಂತುಬಿಟ್ಟಳು.

“ಇದು ನಮ್ದಾ?”

“ನಿಮ್ದೇ,” ಎಂದಳು ಎಲ್ನಾ.

ಇಬ್ಬರೂ ಏಣಿ ಏರಿದರು. ಮೇಲೆ ಓಡಾಟ, ನಗು, ಪಿಸಪಿಸ. ಎಲ್ನಾ ಸ್ಟ್ರಾಬೆರಿ ಕೇಕಿನ ತಟ್ಟೆ ಹಿಡಿದು ಕೆಳಗೆ ನಿಂತಳು. ಕೇಕು ಒಂದು ನೆಪ. ‘ನೀನೂ ಬಾ’ ಎಂದು ಒಂದು ಸಲ ಅಂದರೆ ಸಾಕಿತ್ತು. ಅಷ್ಟರಲ್ಲಿ ಟಿಲ್ಡಾ ಪುಟ್ಟ ಕಿಟಕಿಯಿಂದ ತಲೆ ಹಾಕಿದಳು.

“ಎಲ್ನಾ, ಸಿಗ್ನೆ ಅಳ್ತಿದ್ದಾಳೆ! ಅವಳ ಬೆನ್ನು ಕೆಂಪು ಕೆಂಪು ಹಂದಿಮರಿ ಥರಾ ಆಗಿದೆ!”

ತೋರ್ಕೆಲ್ ಏಣಿ ಹತ್ತಿ ಇಣುಕಿ, ತನ್ನ ಉಣ್ಣೆ ಅಂಗಿ ಬಿಚ್ಚಿ ಸಿಗ್ನೆಗೆ ಕೊಟ್ಟು, ಇಳಿದು ಬಂದು, ತನ್ನ ಅಂಗೈ ತೋರಿಸಿದ. ಕೆಂಪು ಹುಡಿ ಹತ್ತಿತ್ತು. “ಒಳಗೂ ಬಳಿದೆಯೇನೇ? ಅಯ್ಯೋ ಮಾರಾಯ್ತಿ, ಇದು ಒಣಗಿದ್ರೂ ಮುಟ್ಟಿದ್ರೆ ಅಂಟತ್ತೆ. ನಮ್ಮೂರಲ್ಲಿ ನಾಯಿ ಕೂಡ ಕೆಂಪು ಗೋಡೆಗೆ ಒರಗಲ್ಲ!” ಅವನು ನಕ್ಕ. ಎಲ್ನಾ ನಗಲಿಲ್ಲ.

ಆ ಫ್ರಾಕು ಸಿಗ್ನೆಯ ತಾಯಿ ಲೊವೀಸಾ ಚಳಿಗಾಲವೆಲ್ಲ ಕೂತು ಹೊಲಿದದ್ದು. ಮುಂದಿನ ಶುಕ್ರವಾರ ನಡುಬೇಸಿಗೆಯ ಹಬ್ಬಕ್ಕೆ ಸಿಗ್ನೆ ಅಮ್ಮನ ಊರಿನಲ್ಲಿ ಅದನ್ನೇ ತೊಡಬೇಕು.

“ಸಿಗ್ನೆ, ನಾನು ಮೇಲೆ ಬರ್ಲಾ?”

“ಬೇಡ.”

ಎಲ್ನಾ ತಟ್ಟೆಯನ್ನು ಹುಲ್ಲಿನ ಮೇಲಿಟ್ಟಳು. ಲೊವೀಸಾಳೊಂದಿಗೆ ಅವಳು ಇದುವರೆಗೆ ಬೂಟು, ಔಷಧಿ, ಈಜಿನ ಬಟ್ಟೆಯ ಬಗ್ಗೆ ಮೆಸೇಜ್ ಹಾಕಿದ್ದಳೇ ಹೊರತು ಮಾತಾಡಿರಲಿಲ್ಲ. ಈಗ ಫೋನ್ ಮಾಡಿ, ಆದದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದಳು.

“ಒಳಗೋಡೆಗೆ ಬಳಿದ್ರಾ? ನೀವು?” ಲೊವೀಸಾಳ ದನಿಯಲ್ಲಿ ನಗುವಿತ್ತೋ ಸಿಟ್ಟಿತ್ತೋ ಗೊತ್ತಾಗಲಿಲ್ಲ. “ನೀರು ಮಾತ್ರ ಮುಟ್ಟಿಸ್ಬೇಡಿ. ಮೆತ್ತನೆ ಬ್ರಶ್ಶಲ್ಲಿ ಒಣಗಿದ್ದನ್ನೇ ಉದುರಿಸಿ. ಆಮೇಲೆ ಒಗೆಯೋಣ. ಸರಿ, ಅವಳಿಗೆ ಕೊಡಿ.”

ಸಾಮಾನು ಏರಿಸಲು ಕಟ್ಟಿದ್ದ ಬುಟ್ಟಿಯಲ್ಲಿ ಫೋನ್ ಮೇಲೆ ಹೋಯಿತು. ಸಿಗ್ನೆ ಅಮ್ಮನೊಂದಿಗೆ ಬಹಳ ಹೊತ್ತು ಮಾತಾಡಿದಳು. ಮಾತು ತಿಳಿಯುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು. ಎರಡು ವರ್ಷದಲ್ಲಿ ಎಲ್ನಾ ಆ ಹುಡುಗಿಯ ಬಾಯಲ್ಲಿ ಅಷ್ಟು ಉದ್ದದ ಮಾತು ಕೇಳಿರಲಿಲ್ಲ. ಮುಚ್ಚಿದ ಬಾಗಿಲಿನಾಚೆಯ ಒಲೆಯ ಬಿಸಿಗೆ ನಿಂತಂತೆ ಅವಳು ಅಲ್ಲೇ ನಿಂತು ಕೇಳಿದಳು.

ಬುಟ್ಟಿ ಇಳಿಯಿತು. ಅದರಲ್ಲಿ ಫೋನ್ ಇತ್ತು. ಅದರ ಕೆಳಗೆ, ಮಡಿಸಿದ ಬಿಳಿ ಫ್ರಾಕು. ಅಪ್ಪನ ಉಣ್ಣೆ ಅಂಗಿಯೊಳಗೆ ಮುದುಡಿಕೊಂಡ ಸಿಗ್ನೆ ಕಿಟಕಿಯಲ್ಲಿ ಮುಖ ಇಟ್ಟಳು. ಮೂಗು ಕೂಡ ಕೆಂಪು.

“ಹೋಗತ್ತಾ?”

“ನೋಡ್ತೀನಿ.”

“ನಿಧಾನಕ್ಕೆ ಮಾಡ್ಬೇಕಂತೆ. ಜೋರಾಗಿ ಉಜ್ಜಿದ್ರೆ ಒಳಗೆ ಇಳಿದುಬಿಡತ್ತಂತೆ. ಅಮ್ಮ ಹೇಳಿದ್ಲು.”

“ನಿಧಾನಕ್ಕೇ ಮಾಡ್ತೀನಿ.”

ಎಲ್ನಾ ಮನೆಯೊಳಗಿಂದ ಮೆತ್ತನೆಯ ಬ್ರಶ್ ತಂದು, ಏಣಿಯ ಬುಡದಲ್ಲಿ ಕೂತು ಫ್ರಾಕನ್ನು ಮಂಡಿಯ ಮೇಲೆ ಹರಡಿದಳು. ಒಂದೊಂದು ಹೊಲಿಗೆಯ ಗುಂಟ ಬ್ರಶ್ ಎಳೆದಂತೆ ಹುಡಿ ಸಣ್ಣಗೆ ಉದುರತೊಡಗಿತು. ಮೇಲಿನಿಂದ ಆ ಮುಖ ಕದಲಲಿಲ್ಲ. ನೋಡುತ್ತಲೇ ಇತ್ತು.

“ಅಲ್ಲಿ ಇನ್ನೂ ಇದೆ. ಎಡಗಡೆ.”

“ಎಲ್ಲಿ? ಇಲ್ಲೇನಾ?”

“ಇನ್ನೂ ಸ್ವಲ್ಪ ಮೇಲೆ.”

ಎಡಗಡೆಯದು ಎಲ್ನಾಳಿಗೆ ಆಗಲೇ ಕಂಡಿತ್ತು. ಆದರೂ ಬ್ರಶ್ಶನ್ನು ಬೇರೆ ಕಡೆಗೆ ಒಯ್ದು, ಇನ್ನೊಮ್ಮೆ ಕೇಳಿದಳು.