ಇಸ್ತ್ರಿ ಅಕ್ಕನ ಕಥೆ, ಯಜಮಾನರ ಫೋಟೋ

ನಮ್ಮ ಲಾಡ್ಜಿಗೆ ಬರುವವರು ಮುಂಬಾಗಿಲಿನಿಂದ ಮೇಲಕ್ಕೆ ಹತ್ತುತ್ತಾರೆ. ನಾವು ಹಿಂಬಾಗಿಲಿನಿಂದ ಕೆಳಕ್ಕೆ ಇಳಿಯುತ್ತೇವೆ. ಹದಿನೆಂಟು ಮೆಟ್ಟಿಲು ಇಳಿದರೆ ಲಾಂಡ್ರಿ. ಎರಡು ಒಗೆಯುವ ಮೆಷಿನ್, ಒಂದು ಒಣಗಿಸುವ ಮೆಷಿನ್, ಮೂರು ಇಸ್ತ್ರಿ ಮೇಜು, ಒಂದು ಫ್ಯಾನು. ಫ್ಯಾನಿನ ಕೆಲಸ ಬಿಸಿಗಾಳಿಯನ್ನು ಈ ಮೂಲೆಯಿಂದ ಆ ಮೂಲೆಗೆ ಸಾಗಿಸುವುದು. ಇರುವುದೊಂದೇ ಕಿಟಕಿ, ಅದೂ ಸೂರಿಗೆ ಅಂಟಿಕೊಂಡಂತಿದೆ. ಅದರಲ್ಲಿ ಬೀದಿಯವರ ಕಾಲು ಮಾತ್ರ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ನಮ್ಮ ಮೈಮೇಲಿನ ಬಟ್ಟೆಯನ್ನು ಹಿಂಡಿದರೆ ಒಂದು ಬಕೆಟ್ ತುಂಬುತ್ತದೆ ಎಂದು ಒಗೆತ ನೋಡಿಕೊಳ್ಳುವ ಮೆಷಿನ್ ಮಾವ ಹೇಳುತ್ತಾನೆ. ಅವನು ಎಲ್ಲವನ್ನೂ ಬಕೆಟ್ಟಿನಲ್ಲೇ ಅಳೆಯುವವನು.

ನಾನು ಮಡಿಸುವವಳು. ನನ್ನ ಎದುರಿನ ಮೇಜು ಇಸ್ತ್ರಿ ಅಕ್ಕನದು. ಮಹಡಿಗಳಲ್ಲಿ ಹಾಸಿಗೆ ಹಾಸುವವರು ಆರು ಜನ ಹೆಂಗಸರು, ಅವರಲ್ಲಿ ಒಬ್ಬಳು ನನ್ನ ನಾದಿನಿ. ನಮ್ಮೆಲ್ಲರ ತಲೆಯ ಮೇಲೆ ಮ್ಯಾನೇಜರು. ಕೈಗಡಿಯಾರ ನೋಡದೆ ಅವನು ಒಂದು ಮಾತೂ ಆಡುವುದಿಲ್ಲ. ಅದಕ್ಕೇ ನಾವು ಅವನಿಗೆ ಗಡಿಯಾರ ಎಂದು ಹೆಸರಿಟ್ಟಿದ್ದೇವೆ. ಅವನ ತಲೆಯ ಮೇಲೆ ಯಜಮಾನರು.

ಇಸ್ತ್ರಿ ಅಕ್ಕನಿಗೆ ಕಥೆ ಬರೆಯುವ ಹುಚ್ಚು. ಮೇಲಿನಿಂದ ಬರುವ ಪ್ರತಿ ಬಟ್ಟೆಗಂಟಿಗೂ ಒಂದು ಚೀಟಿ ಇರುತ್ತದೆ. ಯಾವ ಮಹಡಿ, ಎಷ್ಟು ದುಪ್ಪಟಿ, ಎಷ್ಟು ದಿಂಬಿನ ಚೀಲ ಎಂದು ಅದರಲ್ಲಿ ಬರೆದಿರುತ್ತಾರೆ. ಬಟ್ಟೆ ಒಗೆದ ಮೇಲೆ ಚೀಟಿ ಕಸ. ಆದರೆ ಅದರ ಹಿಂಬದಿ ಖಾಲಿ. ಅಕ್ಕ ಆ ಖಾಲಿ ಜಾಗವನ್ನು ಬಿಡಲಿಲ್ಲ. ಇಸ್ತ್ರಿ ಪೆಟ್ಟಿಗೆ ಕಾಯುವ ಎರಡು ನಿಮಿಷದಲ್ಲಿ ಪೆನ್ಸಿಲ್ ಹಿಡಿದು ಮೂರು ಸಾಲು ಗೀಚುತ್ತಿದ್ದಳು. ಒಂದು ಚೀಟಿ ತುಂಬಿದರೆ ಒಂದು ಕಂತು. ಮೊದಲು ನಾನು ಓದಬೇಕು, ಆಮೇಲೆ ಮೆಷಿನ್ ಮಾವ, ಆಮೇಲೆ ಅದು ತಳ್ಳುಗಾಡಿಯಲ್ಲಿ ಮೇಲಕ್ಕೆ ಹೋಗಬೇಕು. ಸಂಜೆ ಹೊತ್ತಿಗೆ ಆರೂ ಹೆಂಗಸರ ಕೈ ದಾಟಿ ಹಿಂದಕ್ಕೆ ಬರುತ್ತಿತ್ತು, ಅಂಚಿನಲ್ಲಿ ಅವರ ಅಭಿಪ್ರಾಯ ಹೊತ್ತುಕೊಂಡು. ‘ಇವಳಿಗೆ ಬೇಗ ಮದುವೆ ಮಾಡಿಸು’ ಎಂದು ಒಬ್ಬಳು. ‘ಮಾಡಿಸಬೇಡ, ಈಗ ಸುಖವಾಗಿದ್ದಾಳೆ’ ಎಂದು ಅದರ ಕೆಳಗೆ ನನ್ನ ನಾದಿನಿ.

ಎರಡು ವರ್ಷ ಹೀಗೇ ನಡೆಯಿತು. ಒಂದೇ ಪ್ರತಿ, ಎಂಟು ಜನ ಓದುಗರು. ಕಥೆ ಒಬ್ಬ ಲಾಂಡ್ರಿ ಹೆಂಗಸಿನದು. ಯಾರ ಮುಖವನ್ನೂ ನೋಡದೆ, ಬರೀ ಬಟ್ಟೆ ನೋಡಿ ಅವಳು ಲೋಕವನ್ನು ಅರಿಯುತ್ತಾಳೆ. ಆ ಕಥೆಯಲ್ಲಿ ಒಬ್ಬ ದೊಡ್ಡ ಮನುಷ್ಯನೂ ಬರುತ್ತಾನೆ. ಅವನು ಯಾರೆಂದು ಅಕ್ಕ ಹೇಳಲಿಲ್ಲ, ನಾವು ಕೇಳಲೂ ಇಲ್ಲ. ಅವನು ಬಂದ ಕಂತಿನ ದಿನ ಮೆಷಿನ್ ಮಾವ ನಕ್ಕು ನಕ್ಕು ಸೋಪಿನ ಡಬ್ಬ ಚೆಲ್ಲಿದ.

ತಪ್ಪು ಮಾಡಿದವಳು ನಾನು. ಅವತ್ತು ಒಂದೇ ಸಲ ನಾಲ್ಕು ಗಂಟು ಮೇಲೆ ಹೋಗಬೇಕಿತ್ತು, ಗಡಿಯಾರ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಗಾಬರಿಯಲ್ಲಿ, ಗಂಟಿಗೆ ಹಚ್ಚಬೇಕಾದ ಹೊಸ ಲೆಕ್ಕದ ಚೀಟಿಯನ್ನು ಬ್ಲೌಸಿನೊಳಗೆ ಸೇರಿಸಿಕೊಂಡು, ಕಥೆಯ ಚೀಟಿಯನ್ನು ದಿಂಬಿನ ಚೀಲಕ್ಕೆ ಪಿನ್ ಹಾಕಿಬಿಟ್ಟೆ. ಅವತ್ತು ನಾದಿನಿ ಕನ್ನಡಕ ತಂದಿರಲಿಲ್ಲ. ಅವಳು ಹಾಗೇ ದಿಂಬಿಗೆ ಚೀಲ ತೊಡಿಸಿ ಬಂದಳು.

ಆ ರೂಮಿನಲ್ಲಿದ್ದವರು ಒಬ್ಬರು ವಯಸ್ಸಾದ ಮೇಡಮ್. ತಿಂಗಳಿಗೊಮ್ಮೆ ಬಂದು ನಾಲ್ಕು ದಿನ ಇದ್ದು ಹೋಗುವವರು. ಚೀಟಿಯಲ್ಲಿ ಇದ್ದದ್ದು ಇಷ್ಟು: ‘ಅತ್ತವರ ದಿಂಬಿನ ಚೀಲ ಬೇರೆಯೇ ಗೊತ್ತಾಗುತ್ತದೆ. ಬೆವರಿನ ಕಲೆ ನಡುವೆ ಬೀಳುತ್ತದೆ, ಕಣ್ಣೀರಿನದು ಅಂಚಿಗೆ. ಅಂಥ ಚೀಲ ಬಂದ ದಿನ ಅವಳು ಅದನ್ನು ಬೇರೆ ಇಟ್ಟು ಕೈಯಲ್ಲೇ ಒಗೆಯುತ್ತಿದ್ದಳು. ಮೆಷಿನ್ನಿಗೆ ಹಾಕಲು ಮನಸ್ಸು ಬರುತ್ತಿರಲಿಲ್ಲ.’

ಮರುದಿನ ಬೆಳಿಗ್ಗೆ ಮೇಡಮ್ ಆ ಚೀಟಿ ಹಿಡಿದುಕೊಂಡು ಕೆಳಗೆ ಕೌಂಟರಿಗೆ ಬಂದರು. ಯಜಮಾನರು ಅಲ್ಲೇ ಕೂತಿದ್ದರು. ನಾದಿನಿ ಆಗ ಮೆಟ್ಟಿಲು ಒರೆಸುತ್ತಿದ್ದಳು, ಆದ್ದರಿಂದ ಅಲ್ಲಿ ನಡೆದ ಮಾತು ನಮಗೆ ಅಕ್ಷರ ಬಿಡದೆ ಸಿಕ್ಕಿತು.

“ಇದನ್ನ ಯಾರು ಬರ್ದಿದ್ದು?” ಅಂದರು ಮೇಡಮ್.

ಏನೋ ದೂರು ತಂದಿದ್ದಾರೆ ಎಂದುಕೊಂಡು ಯಜಮಾನರು ಕೈ ಮುಗಿದರು. “ಕ್ಷಮಿಸಿ ಮೇಡಮ್, ಯಾರು ಅಂತ ಹುಡುಕಿ ಇವತ್ತೇ ಕೆಲಸದಿಂದ...”

“ಎಷ್ಟು ಚೆನ್ನಾಗಿದೆ ಅಂದ್ರೆ, ನಾನು ರಾತ್ರಿ ಇದನ್ನ ಹತ್ತು ಸಲ ಓದ್ದೆ.”

ಯಜಮಾನರು ಮುಗಿದ ಕೈ ಬಿಡಿಸಿ ಅಂಗಿ ಸರಿಮಾಡಿಕೊಂಡರು. “ನಾನೇ ಬರ್ದಿದ್ದು ಮೇಡಮ್. ಬಿಡುವು ಸಿಕ್ಕಾಗ ಏನೋ ಸ್ವಲ್ಪ ಗೀಚ್ತೀನಿ.”

“ಪೂರ್ತಿ ಕಥೆ ಬೇಕಲ್ಲ ನನಗೆ.”

“ಪುಸ್ತಕ ಮಾಡಿಸ್ತಾ ಇದೀನಿ. ಮುಂದಿನ ತಿಂಗಳು ನೀವು ಬಂದಾಗ ನಿಮ್ಮ ಕೈಯಲ್ಲೇ ಬಿಡುಗಡೆ” ಅಂದರು ಯಜಮಾನರು. ಸುಳ್ಳಿಗೆ ಒಮ್ಮೆ ಕಾಲು ಬಂದರೆ ಎಷ್ಟು ದೂರ ಓಡುತ್ತದೆ ನೋಡಿ.

ಅರ್ಧ ಗಂಟೆಯೊಳಗೆ ಗಡಿಯಾರ ನೆಲಮಾಳಿಗೆಗೆ ಇಳಿದ. ಚೀಟಿಯ ಅಕ್ಷರಕ್ಕೂ ನಮ್ಮ ಹಾಜರಿ ಪುಸ್ತಕದ ಸಹಿಗೂ ತಾಳೆ ನೋಡಿಕೊಂಡೇ ಬಂದಿದ್ದ. ಅಕ್ಕನ ಮೇಜಿನ ಕೆಳಗಿದ್ದ ರಟ್ಟಿನ ಪೆಟ್ಟಿಗೆಯನ್ನು ಎಳೆದು, ಎರಡು ವರ್ಷದ ಚೀಟಿಗಳನ್ನೆಲ್ಲ ಕಂಕುಳಲ್ಲಿ ಅವುಚಿಕೊಂಡ.

“ಚೀಟಿ ಲಾಡ್ಜಿಂದು. ಪೆನ್ಸಿಲ್ ಲಾಡ್ಜಿಂದು. ಬರೆದಿರೋ ಟೈಮೂ ಲಾಡ್ಜಿಂದು. ಅಲ್ಲಿಗೆ ಕಥೆನೂ ಲಾಡ್ಜಿಂದೇ.”

“ಹೆಸರು ಸಾರ್?” ಅಂದಳು ಅಕ್ಕ. “ಪುಸ್ತಕ ಮಾಡಿಸಿ, ಬೇಡ ಅನ್ನಲ್ಲ. ನನ್ನ ಹೆಸರು ಹಾಕಿ.”

“ನಿನ್ನ ಹೆಸರು ಹಾಕಿದ್ರೆ ಯಾರಮ್ಮ ಓದ್ತಾರೆ?” ಎಂದು ಗಡಿಯಾರ ಕೈ ನೋಡಿಕೊಂಡ. “ಇದನ್ನೆಲ್ಲಾದ್ರೂ ಬಾಯಿ ಬಿಟ್ಟೆ ಅಂದ್ರೆ ಅವತ್ತೇ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ.”

ಅವನು ಹೋದ ಮೇಲೆ ಅಕ್ಕ ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ನಿಂತೇ ಇದ್ದಳು. ಅವಳಿಗೆ ಹಿಂದೆ ಮುಂದೆ ಯಾರೂ ಇಲ್ಲ, ಇರುವುದು ಆ ಚೀಟಿಗಳ ಪೆಟ್ಟಿಗೆ ಒಂದೇ. ಅದೂ ಹೋದದ್ದು ನನ್ನ ಪಿನ್ನಿನಿಂದ. “ನನ್ನ ಕೈ ಕಡಿದು ಹಾಕಕ್ಕಾ” ಅಂದೆ. “ಮಡಿಸೋರು ಯಾರು ಆಮೇಲೆ?” ಅಂದಳು. ಆಮೇಲೆ ಇದ್ದಕ್ಕಿದ್ದಂತೆ ಅವಳ ಮುಖ ಬಿಳಿಚಿಕೊಂಡಿತು. “ಅಯ್ಯೋ, ಆ ದೊಡ್ಡ ಮನುಷ್ಯನ ಕಂತುಗಳೂ ಅದರಲ್ಲೇ ಇವೆಯಲ್ಲೇ.”

ಮೆಷಿನ್ ಮಾವ ಮೆಷಿನ್ ಬಿಟ್ಟು ಹತ್ತಿರ ಬಂದ. ನಾವು ಮೂವರೂ ಮುಖ ಮುಖ ನೋಡಿಕೊಂಡೆವು.

ಅಕ್ಕ ಒಳ್ಳೆಯವಳು. ನಾನಾಗಿದ್ದರೆ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದೆ. ಅವಳು ಮಾತ್ರ ಮರುದಿನ ಸೆರಗಿನಿಂದ ಮುಖ ಒರೆಸಿಕೊಂಡು ಯಜಮಾನರ ರೂಮಿಗೇ ಹೋದಳು. ನಾನೂ ಜೊತೆಗೆ ಹೋದೆ. ಯಜಮಾನರು ಕನ್ನಡಿ ಮುಂದೆ ನಿಂತು, ಪುಸ್ತಕಕ್ಕೆ ಹಾಕುವ ಫೋಟೋಗೆ ಕೆನ್ನೆಯ ಮೇಲೆ ಕೈ ಇಟ್ಟು ಅಭ್ಯಾಸ ಮಾಡುತ್ತಿದ್ದರು.

“ಸಾರ್, ಅಚ್ಚಿಗೆ ಕೊಡೋ ಮೊದಲು ಒಂದ್ಸಲ ಓದ್ಬಿಡಿ.”

“ನನ್ನ ಪುಸ್ತಕ ಓದು ಅಂತ ನೀನು ನನಗೆ ಹೇಳ್ಕೊಡ್ತೀಯ?”

“ಹಾಗಲ್ಲ ಸಾರ್. ಒಳಗೆ ಒಂದಷ್ಟು...”

“ಮ್ಯಾನೇಜರ್ ಓದಿದಾನೆ. ಬಹಳ ಚೆನ್ನಾಗಿ ಬರೆದಿದೀರ ಸಾರ್ ಅಂದ. ಹೋಗು, ದುಪ್ಪಟಿ ನೋಡ್ಕೋ.”

ಗಡಿಯಾರ ಎರಡು ಪುಟ ಓದಿದ್ದ. ಮೂರನೆಯದಕ್ಕೆ ಅವನ ಬಳಿ ಟೈಮ್ ಇರಲಿಲ್ಲ.

ಅಂತೂ ಪುಸ್ತಕ ಬಂತು. ಮುಖಪುಟದಲ್ಲಿ ಯಜಮಾನರು, ಕೆನ್ನೆಯ ಮೇಲೆ ಕೈ, ಕಣ್ಣು ಆಕಾಶದಲ್ಲಿ. ಕೆಳಗೆ ದಪ್ಪ ಅಕ್ಷರದಲ್ಲಿ ಅವರ ಹೆಸರು. ಪ್ರತಿ ರೂಮಿನ ಮೇಜಿನ ಮೇಲೂ ಒಂದೊಂದು ಇಡಿಸಿದರು. ಅದನ್ನು ಇಟ್ಟು ಬಂದವರೂ ನಮ್ಮ ಹೆಂಗಸರೇ.

ಬಿಡುಗಡೆಯ ದಿನ ಕೆಳಗಿನ ಹಾಲ್ ತುಂಬ ಕುರ್ಚಿ. ಮುಂದೆ ಅತಿಥಿಗಳು, ಯಜಮಾನರ ನೆಂಟರು, ಪರಿಚಯದ ವ್ಯಾಪಾರಿಗಳು. ಹಿಂದೆ ಗೋಡೆಗೆ ಒರಗಿಸಿ ನಮ್ಮನ್ನು ನಿಲ್ಲಿಸಿದ್ದರು, ಒಗೆದ ಯೂನಿಫಾರ್ಮಿನಲ್ಲಿ. ತಾನು ಕರ್ಚೀಫ್ ತೆಗೆದಾಗ ಎಲ್ಲರೂ ಚಪ್ಪಾಳೆ ಹೊಡೆಯಬೇಕು ಎಂದು ಗಡಿಯಾರ ಮೊದಲೇ ಹೇಳಿದ್ದ. ಎರಡು ಸಲ ಅಭ್ಯಾಸವೂ ಆಗಿತ್ತು.

ಮೇಡಮ್ ಪುಸ್ತಕ ಬಿಡುಗಡೆ ಮಾಡಿ, “ಸ್ವಲ್ಪ ಓದಿ, ಕೇಳೋಣ” ಅಂದರು. ಯಜಮಾನರು ಸಂತೋಷದಿಂದ ಮೊದಲ ಪುಟ ತೆರೆದರು. “ಆ ಪುಟ ರೂಮಲ್ಲೇ ಓದಿದೀನಿ. ನಡುವೆ ಎಲ್ಲಾದ್ರೂ ಓದಿ” ಅಂದರು ಮೇಡಮ್. ಯಜಮಾನರು ಪುಸ್ತಕವನ್ನು ನಡುವಿಗೆ ಬಿಡಿಸಿ ಗಂಟಲು ಸರಿಮಾಡಿಕೊಂಡರು.

“‘ಆ ದೊಡ್ಡ ಮನುಷ್ಯನ ಬಟ್ಟೆ ವಾರಕ್ಕೆರಡು ಸಲ ಅವಳ ಮೇಜಿಗೆ ಬರುತ್ತಿತ್ತು. ಕೋಟಿನ ಜೇಬಿನಲ್ಲಿ ಯಾವಾಗಲೂ ಸೋಪಿನ ಚೂರು. ಅತಿಥಿಗಳು ಅರ್ಧ ಉಜ್ಜಿ ಬಿಟ್ಟುಹೋದದ್ದನ್ನು ಅವನು ರೂಮು ರೂಮಿನಿಂದ ಆರಿಸಿ ಮನೆಗೆ ಒಯ್ಯುತ್ತಿದ್ದ.’”

ಮುಂದಿನ ಸಾಲಿನಲ್ಲಿ ಯಾರೋ ನಕ್ಕರು. ಯಜಮಾನರ ಹೆಂಡತಿ ತಟ್ಟನೆ ಗಂಡನ ಮುಖ ನೋಡಿದರು. ಮನೆಗೆ ಬರುವ ಸೋಪು ಎಲ್ಲಿಯದೆಂದು ಅವರಿಗೆ ಅವತ್ತೇ ತಿಳಿದಿರಬೇಕು. ಜನ ನಕ್ಕದ್ದು ಕೇಳಿ ಯಜಮಾನರಿಗೆ ಹುಮ್ಮಸ್ಸು ಬಂತು. ಓದುವ ಭರದಲ್ಲಿ ಅರ್ಥದ ಕಡೆ ಅವರ ಗಮನವೇ ಇರಲಿಲ್ಲ.

“‘ಅಂಗಿಯ ಕಾಲರಿನಲ್ಲಿ ಕಪ್ಪು ಕಲೆ. ತಲೆಗೆ ಹಚ್ಚಿದ ಬಣ್ಣ ಬೆವರಿನಲ್ಲಿ ಇಳಿದದ್ದು. ನನ್ನ ಕೂದಲು ಹುಟ್ಟಿದಾಗಿನಿಂದ ಹೀಗೇ ಕಪ್ಪು ಎಂದು ಅವನು ಎಲ್ಲರಿಗೂ...’”

ಯಜಮಾನರ ಕೈ ತಾನಾಗಿ ಕಾಲರಿಗೆ ಹೋಯಿತು. ಈಗ ಹಾಲ್ ಪೂರ್ತಿ ನಗುತ್ತಿತ್ತು. ಮೆಷಿನ್ ಮಾವ ಗೋಡೆಯ ಕಡೆ ತಿರುಗಿ ನಿಂತಿದ್ದ, ಅವನ ಹೆಗಲು ಕುಣಿಯುತ್ತಿತ್ತು. ಯಜಮಾನರು ಗಾಬರಿಯಿಂದ ನಾಲ್ಕು ಪುಟ ಒಟ್ಟಿಗೆ ಮಗುಚಿ, ಎಲ್ಲಾದರೂ ಬೇರೆ ವಿಷಯ ಸಿಕ್ಕೀತೆಂದು ಮುಂದೆ ಓದಿದರು.

“‘ಹಳೇ ಮೆಷಿನ್ನಿನ ಆವಿ ಬಡಿದು ಅವಳ ಮುಂಗೈ ಬೆಂದ ದಿನ ಅವನು ಓಡಿ ಬಂದ. ಬಂದವನು ಮೊದಲು ಕೇಳಿದ್ದು, ದುಪ್ಪಟಿಗೆ ಏನಾಯಿತು ಎಂದು. ದುಪ್ಪಟಿಗೆ ಏನೂ ಆಗಿರಲಿಲ್ಲ. ಅವನು ಸಮಾಧಾನವಾಗಿ ವಾಪಸ್ ಹೋದ.’”

ನಗು ನಿಂತಿತು. ಅದು ನಾಲ್ಕು ವರ್ಷದ ಹಿಂದಿನ ಮಾತು. ಅಕ್ಕನ ಕೈಗೆ ತಣ್ಣೀರು ಸುರಿದವಳು ನಾನು. ದುಪ್ಪಟಿ ಏನಾಯ್ತು ಎಂದದ್ದನ್ನು ಈ ಕಿವಿಯಿಂದಲೇ ಕೇಳಿದವಳು. ಈಗ ಅದನ್ನು ಅದೇ ಬಾಯಿ ಮೈಕಿನಲ್ಲಿ ಹೇಳುತ್ತಿತ್ತು. ನನ್ನ ಕಣ್ಣು ತುಂಬಿ ಬಂತು.

ಯಜಮಾನರು ಪುಸ್ತಕ ಕೆಳಗಿಟ್ಟರು. ಮುಖ ಕೆಂಪಗಾಗಿತ್ತು. ತಾವು ಎಲ್ಲಿ ನಿಂತಿದ್ದೇವೆ ಎಂಬುದೇ ಮರೆತುಹೋಗಿ ಮೈಕಿನಲ್ಲೇ ಗದರಿಸಿದರು: “ಯಾರೇ ಇದನ್ನ ಬರ್ದವಳು?”

ಕುರ್ಚಿಯಲ್ಲಿದ್ದವರೆಲ್ಲ ಯಜಮಾನರನ್ನೇ ನೋಡಿದರು. ಮುಖಪುಟದ ಯಜಮಾನರು ಮಾತ್ರ ಆಕಾಶ ನೋಡುತ್ತಿದ್ದರು.

“ನಾನು ಸಾರ್” ಅಂದಳು ಇಸ್ತ್ರಿ ಅಕ್ಕ, ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದು. “ಓದಿ ನೋಡಿ ಅಂತ ಹೇಳಿದ್ನಲ್ಲ.”

ಗಡಿಯಾರ ಹಣೆಯ ಬೆವರು ಒರೆಸಲು ಕರ್ಚೀಫ್ ತೆಗೆದ. ಹೇಳಿಕೊಟ್ಟದ್ದನ್ನು ಮರೆಯುವವರಲ್ಲ ನಾವು. ಒಂದೇ ಸಮ ಚಪ್ಪಾಳೆ ಹೊಡೆದೆವು. ಮೇಡಮ್ ಎದ್ದು ಹಿಂದಿನ ಗೋಡೆಯ ತನಕ ನಡೆದು ಬಂದರು, ಅಕ್ಕನ ಕೈಗೆ ಪೆನ್ನು ಕೊಟ್ಟು, “ಇಲ್ಲಿ ನಿಮ್ಮ ಸಹಿ ಹಾಕಿ” ಅಂದರು.

ಮರುದಿನ ಬೆಳಿಗ್ಗೆ ಗಡಿಯಾರ ಕೆಳಗೆ ಬಂದ. “ನಾಳೆಯಿಂದ ನೀನು ಬರೋದು ಬೇಡ” ಅಂದ ಅಕ್ಕನಿಗೆ.

“ಆಯ್ತು ಸಾರ್” ಅಂದಳು. ಇಸ್ತ್ರಿ ಪೆಟ್ಟಿಗೆಯ ಸ್ವಿಚ್ ಆರಿಸಿದಳು. “ಬಾಯಿಮಾತಲ್ಲಿ ಹೋಗಲ್ಲ. ಕಾಗದ ಕೊಡಿ. ಯಾಕೆ ತೆಗೆದ್ರಿ ಅಂತ ಅದರಲ್ಲಿ ಬರೀರಿ.”

“ಕೆಲಸ ಸರಿಯಿಲ್ಲ ಅಂತ ಬರೀತೀನಿ.”

“ಹೋದ ವರ್ಷ ನೀವೇ ಒಳ್ಳೆ ಕೆಲಸದವಳು ಅಂತ ಬರೆದುಕೊಟ್ಟ ಕಾಗದ ಮನೇಲಿದೆ ಸಾರ್.”

ಗಡಿಯಾರ ಮೇಲೆ ಹೋಗಿ ಯಜಮಾನರನ್ನು ಕೇಳಿ ಬಂದ. “ಚೀಟಿ ಕದ್ದಳು ಅಂತ ಬರೀತೀನಿ.”

ಮೆಷಿನ್ ಮಾವ ಗಂಭೀರವಾಗಿ ಕೇಳಿದ: “ಹಾಗಿದ್ರೆ ಕದ್ದ ಮಾಲನ್ನ ಯಜಮಾನರು ಯಾಕೆ ಸಾರ್ ಅಚ್ಚು ಹಾಕಿಸಿದ್ರು?”

ಗಡಿಯಾರ ಮತ್ತೆ ಹದಿನೆಂಟು ಮೆಟ್ಟಿಲು ಹತ್ತಿದ, ಇಳಿದ. ಏದುಸಿರು ಬಿಡುತ್ತಿದ್ದ. “ಯಜಮಾನರ ಮೇಲೆ ಇಲ್ಲಸಲ್ಲದ್ದು ಬರೆದಳು ಅಂತ.”

“ಅದನ್ನೇ ಬರೀರಿ ಸಾರ್” ಅಂದಳು ಅಕ್ಕ. ಈ ಕೆಲಸ ಹೋದರೆ ಮುಂದೇನು ಎಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. “ಈ ಪುಸ್ತಕ ಬರೆದವಳು ಇವಳೇ ಅಂತ ಬರೆದು, ಯಜಮಾನರ ಸಹಿ ಹಾಕಿಸಿ, ಲಾಡ್ಜಿನ ಸೀಲ್ ಒತ್ತಿ ಕೊಡಿ. ಅದನ್ನ ಕಟ್ಟು ಹಾಕಿಸಿ ಗೋಡೆಗೆ ಹಾಕ್ಕೊಳ್ತೀನಿ.”

ಗಡಿಯಾರನ ಪೆನ್ನು ಕಾಗದದ ಮೇಲೆ ನಿಂತುಬಿಟ್ಟಿತು. ಬರೆದರೆ ಯಜಮಾನರು ಸುಮ್ಮನೆ ಬಿಡುವುದಿಲ್ಲ, ಬರೆಯದಿದ್ದರೆ ಅಕ್ಕ ಹೋಗುವುದಿಲ್ಲ.

“ನನಗೂ ಒಂದು ಕಾಗದ ಬರೀರಿ” ಅಂದೆ ನಾನು, ಕೈಲಿದ್ದ ದುಪ್ಪಟಿ ಕೆಳಗಿಟ್ಟು. “ಇವಳು ಬರೆದದ್ದನ್ನ ಮೊದಲು ಓದಿದವಳು ಅಂತ.”

“ನನಗೂ” ಅಂದ ಮೆಷಿನ್ ಮಾವ. ಮೂರೂ ಮೆಷಿನ್ ಆರಿಸಿದ. “ನಕ್ಕವನು ಅಂತ ಬರೀರಿ.”

ಗಡಿಯಾರ ಹತ್ತಿ ಇಳಿದದ್ದರಲ್ಲೇ ಸುದ್ದಿ ಮೇಲಕ್ಕೂ ಮುಟ್ಟಿತ್ತು. ಅಷ್ಟರಲ್ಲಿ ಮಹಡಿಯ ಆರೂ ಹೆಂಗಸರು ತಳ್ಳುಗಾಡಿಗಳನ್ನು ಮೇಲೇ ಬಿಟ್ಟು ಮೆಟ್ಟಿಲಿಳಿದು ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ನನ್ನ ನಾದಿನಿ, ಕನ್ನಡಕ ಹಾಕಿಕೊಂಡು. ಒಬ್ಬೊಬ್ಬರಾಗಿ ನಮ್ಮ ಹಿಂದೆ ಸಾಲಾಗಿ ನಿಂತರು. ಮೆಷಿನ್ನುಗಳ ಸದ್ದಿಲ್ಲದ ಲಾಂಡ್ರಿಯನ್ನು ನಾನು ನೋಡಿದ್ದು ಅದೇ ಮೊದಲು. ಮೇಲೆ ಮೂವತ್ತಾರು ರೂಮಿನ ಹಾಸಿಗೆಗಳು ದುಪ್ಪಟಿಯಿಲ್ಲದೆ ಬಿದ್ದಿದ್ದವು, ಕೌಂಟರಿನಲ್ಲಿ ಅತಿಥಿಗಳು ಮೇಲಿಂದ ಮೇಲೆ ಗಂಟೆ ಬಾರಿಸುತ್ತಿದ್ದರು.

ಗಡಿಯಾರ ಕೈ ನೋಡಿಕೊಂಡ. ನಮಗೇನೂ ಅವಸರವಿರಲಿಲ್ಲ.