ಮುಂದಿನ ಜೋಡಿ

ಹಳ್ಳಿಮೈಸೂರಿನ ಚನ್ನಪ್ಪಗೌಡರು ಹಾಸನದ ಟೈರು ಅಂಗಡಿಗೆ ಹೋದದ್ದು ಎತ್ತು ಕೊಳ್ಳಲು ಹೋದಂತೆಯೇ. ಟೈರಿನ ಬೆನ್ನು ತಟ್ಟಿದರು, ಹಲ್ಲು ಎಣಿಸಿದರು, ಸುಳಿಯೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದರು. ಕೊನೆಗೆ ಹೆಗಲ ಮೇಲಿನ ಟವೆಲನ್ನು ಅಂಗಡಿಯವನ ಕೈಗೆ ಹೊದಿಸಿ, ಅದರೊಳಗೆ ಬೆರಳು ಹಿಡಿದು ಬೆಲೆ ಕೇಳಿದರು. ದನದ ವ್ಯಾಪಾರ ಕಂಡರಿಯದ ಅಂಗಡಿಯವನು ಏನೋ ಆಗಬಾರದ್ದು ಆಗುತ್ತಿದೆ ಎಂದು ಕೈ ಎಳೆದುಕೊಂಡ. ಹಿಂದೆ ನಿಂತಿದ್ದ ಡ್ರೈವರ್ ಲಕ್ಕಯ್ಯನಿಗೆ ನಗು ಬಂತು, ನಗಲಿಲ್ಲ. ಗೌಡರೆದುರು ಅವನ ಕೇರಿಯವರು ನಗುವ ಪದ್ಧತಿ ಇರಲಿಲ್ಲ.

ಚೀನಾ ಯುದ್ಧದ ಮಾರನೆಯ ವರ್ಷ ಅದು. ಆ ಭಾನುವಾರ ಹಾಸನದ ಹೊರಗಿನ ಮೈದಾನದಲ್ಲಿ ಕಾಫಿ ತೋಟದ ಸಾಹುಕಾರರು ಕಾರಿನ ಪಂದ್ಯ ಇಟ್ಟಿದ್ದರು. ಅರ್ಧ ಮರಳು ತುಂಬಿದ ಟಾರು ಡ್ರಮ್ಮುಗಳನ್ನು ಅಲ್ಲಲ್ಲಿ ನಿಲ್ಲಿಸಿ, ಒಂದಕ್ಕೂ ತಾಗದೆ ಅವುಗಳ ಸುತ್ತ ತಿರುಗಿ ಯಾರು ಬೇಗ ಬರುತ್ತಾರೋ ಅವರಿಗೆ ಕಪ್ಪು. ಬೆಳ್ಳಿಯದಾದರೂ ಕಪ್ಪು. ಕಾರು ಮಾತ್ರ ದಿನಾ ರಸ್ತೆಯ ಮೇಲೆ ಓಡುವ ಮನೆಯ ಕಾರೇ ಆಗಿರಬೇಕು. ಗೌಡರ ಲ್ಯಾಂಡ್‌ಮಾಸ್ಟರ್ ವಾರವೆಲ್ಲ ಅವರನ್ನು ಹೊಳೆನರಸೀಪುರದ ಕೋರ್ಟಿಗೆ ಹೊತ್ತು ತರುವ ಕಾರು. ಅದಕ್ಕೆ ಸುತ್ತುವುದನ್ನು ಯಾರೂ ಕಲಿಸಬೇಕಿರಲಿಲ್ಲ.

ಟೈರಿಗೆ ಅಭಾವದ ಕಾಲ, ಸಿಕ್ಕಿದ್ದು ಎರಡೇ. ಮಣ್ಣನ್ನು ಕಚ್ಚಿ ಹಿಡಿಯುವ ಆಳವಾದ ಹಲ್ಲಿನವು. ಇನ್ನೆರಡು ಕಾರಿನ ಹಳೆಯವೇ ಆಗಬೇಕು. ಗೌಡರ ನೆತ್ತಿಗೂ ಅವಕ್ಕೂ ಇದ್ದ ವ್ಯತ್ಯಾಸವೆಂದರೆ ಅವುಗಳ ಮೇಲೆ ಪೇಟ ಇರಲಿಲ್ಲ.

ಲಕ್ಕಯ್ಯ ಮಿಲಿಟರಿಯಲ್ಲಿದ್ದವನು, ಬರ್ಮಾದ ಕೆಸರಿನಲ್ಲಿ ಲಾರಿ ಓಡಿಸಿದವನು. ತಡೆಯಲಾರದೆ ಬಾಯಿಬಿಟ್ಟ.

"ಬುದ್ಧಿ, ಒಸ ಟೈರ್ನ ಹಿಂದಕ್ಕಾಕನ. ತಿರುವ್ನಾಗೆ ಹಿಂಬದಿ ಜಾರ್ಬುಟ್ರೆ ಕಾರು ನನ್ ಕೈಲಿರಕಿಲ್ಲ."

"ಎತ್ನ ಗಾಡಿ ಹಿಂದ್ಕೆ ಕಟ್ತಾರೇನ್ಲಾ?" ಎಂದರು ಗೌಡರು. "ಮುಂದಿರೋದೇ ಎಳ್ಯೋದು. ಒಸ ಜೋಡಿ ಮುಂದ್ಕೆ."

ಈ ಕಾರನ್ನು ಮುಂದಿನ ಚಕ್ರ ಎಳೆಯುವುದಿಲ್ಲ, ಹಿಂದಿನ ಚಕ್ರ ತಳ್ಳುತ್ತದೆ ಎಂದು ಲಕ್ಕಯ್ಯ ಬಿಡಿಸಿ ಹೇಳಿದ. ಗೌಡರು ಅದನ್ನು ಅಂಗಡಿಯಲ್ಲಿದ್ದವರಿಗೆಲ್ಲ ಹೇಳಿಕೊಂಡು ನಕ್ಕರು. ಕೇರಿಯವರೆಲ್ಲ ಅವರನ್ನು ಬುದ್ಧಿ ಎಂದೇ ಕರೆಯುತ್ತಿದ್ದುದರಿಂದ, ಅವರಿಗೆ ಬುದ್ಧಿ ಹೇಳುವವರು ಯಾರೂ ಉಳಿದಿರಲಿಲ್ಲ.

ಲಕ್ಕಯ್ಯನ ಹೆದರಿಕೆ ಕಪ್ಪಿನದಲ್ಲ. ಸರಿದ ಡ್ರಮ್ಮುಗಳನ್ನು ಮತ್ತೆ ಗುರುತಿಗೆ ತಂದು ನಿಲ್ಲಿಸುವ ಕೂಲಿಗೆ ಅವನ ತಮ್ಮ ಬೋರಪ್ಪ ಸೇರಿದ್ದ. ಮೂರನೆಯ ಡ್ರಮ್ಮಿನ ತಿರುವು ಬಹಳ ಇಕ್ಕಟ್ಟು, ಅಲ್ಲಿ ನಿಲ್ಲಬೇಡ ಎಂದು ಲಕ್ಕಯ್ಯ ಶನಿವಾರವೇ ಹೇಳಿದ್ದ. ಬೋರಪ್ಪ ಕೇಳಲಿಲ್ಲ. ಎಲ್ಲರೂ ಹೆದರುವ ಆ ಜಾಗವನ್ನೇ ಬೇಡಿ ಹಾಕಿಸಿಕೊಂಡಿದ್ದ.

"ಓಡ್ಸೋನು ನಮ್ಮಣ್ಣ," ಎಂದು ಜೊತೆಯ ಕೂಲಿಯವನಿಗೆ ಅಂದಿದ್ದ. "ನಂಗೇನ್ಲಾ ಭಯ?"

ಭಾನುವಾರ ಬೆಳಿಗ್ಗೆ ಗೌಡರು ಹೋಟೆಲಿನಲ್ಲಿ ದೋಸೆ ತಿನ್ನುವಷ್ಟರಲ್ಲಿ ಲಕ್ಕಯ್ಯ ಹೊಂಗೆ ಮರದ ಕೆಳಗೆ ಜಾಕಿ ಕೊಟ್ಟು ಹೊಸ ಟೈರುಗಳನ್ನು ಹಿಂದಕ್ಕೆ ಹಾಕಿದ. ಕೊನೆಯ ನಟ್ಟು ಬಿಗಿಯುವಾಗ ಗೌಡರು ಹಲ್ಲು ಕೆದಕುತ್ತ ಬಂದರು.

"ಕಾರ್ ಮುಖಕ್ಕೆ ಬೋಳು ಟೈರಾಕಿ ನನ್ ಮುಖಕ್ಕೆ ಮಸಿ ಬಳೀತೀಯೇನ್ಲಾ?"

ತೋಟದ ಸಾಹುಕಾರರು ನೋಡುತ್ತಿದ್ದಂತೆಯೇ ಎಲ್ಲವನ್ನೂ ಬಿಚ್ಚಿಸಿ, ಹೊಸ ಜೋಡಿಯನ್ನು ಮುಂದಕ್ಕೆ ಹಾಕಿಸಿದರು. ನಾನು ಓಡಿಸಲ್ಲ ಅನ್ನುವ ಮಾತು ಲಕ್ಕಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಹದಿನೈದು ವರ್ಷ ಬುದ್ಧಿ ಅಂದ ನಾಲಿಗೆ, ಅದನ್ನು ನುಂಗಿಕೊಂಡಿತು.

ಗೌಡರು ಪಕ್ಕದಲ್ಲಿ ಕೋಲು ಹಿಡಿದು ಕೂತರು. ಲಕ್ಕಯ್ಯ ಮೊದಲೆರಡು ಡ್ರಮ್ಮುಗಳನ್ನು ಮೆಲ್ಲಗೆ ಸುತ್ತಿದ. ಜನ ಕೇಕೆ ಹಾಕಿದರು. ಕೋಲಿನ ತುದಿ ಪಕ್ಕೆಗೆ ಚುಚ್ಚಿತು, ಎತ್ತಿಗೆ ಚುಚ್ಚಿದ ಹಾಗೆ. ಮತ್ತೊಮ್ಮೆ ಚುಚ್ಚಿತು. ಲಕ್ಕಯ್ಯ ಆಕ್ಸಿಲರೇಟರ್ ಒತ್ತಿದ.

ಮೂರನೆಯ ತಿರುವಿನಲ್ಲಿ ಹೊಸ ಟೈರುಗಳು ಬಹಳ ಚೆನ್ನಾಗಿ ಹಿಡಿದವು. ಕಾರಿನ ಮೂತಿ ಹೇಳಿದ ಕಡೆ ತಿರುಗಿತು. ಬಾಲ ತಿರುಗಲಿಲ್ಲ, ಬೀಸಿತು. ಇವರಿಗಿಂತ ಮೊದಲು ಓಡಿದ ಕಾರು ಸರಿಸಿ ಹೋಗಿದ್ದ ಡ್ರಮ್ಮನ್ನು ಬೋರಪ್ಪ ಬಗ್ಗಿ ನೆಟ್ಟಗೆ ಮಾಡುತ್ತಿದ್ದ.

ಡ್ರಮ್ಮಿಗೆ ಏನೂ ಆಗಲಿಲ್ಲ. ನಡುವೆ ಬೋರಪ್ಪ ಇದ್ದ.

ಆಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಒತ್ತಿದ್ದು ಅಣ್ಣನ ಕಾಲು, ಹೋದದ್ದು ತಮ್ಮನ ಕಾಲು.

ತಿಂಗಳ ಮೇಲೆ ಬೋರಪ್ಪ ಮನೆಗೆ ಬಂದ. ಅದೇ ವಾರ ಗೌಡರ ಮನೆಯಿಂದ ಕಾಗದದಲ್ಲಿ ಸುತ್ತಿದ ಒಂದು ಗಂಟು ಬಂತು. ಗೌಡರ ಧರ್ಮಬುದ್ಧಿ. ಆ ಬೋಳು ಟೈರನ್ನು ಕೊಯ್ಯಿಸಿ, ಚಪ್ಪಲಿ ಹೊಲಿಸಿ ಕಳಿಸಿದ್ದರು. ಗಟ್ಟಿ ಚಪ್ಪಲಿ. ಜೋಡಿ.

ತಾಯಿ ಮಾರಮ್ಮ ಎರಡನ್ನೂ ಮಡಿಲಲ್ಲಿಟ್ಟುಕೊಂಡು ಕೂತಳು. ಬೋರಪ್ಪ ಗೋಡೆ ಹಿಡಿದು ಎದ್ದು ಬಲದ್ದನ್ನು ಮೆಟ್ಟಿ ನೋಡಿದ. "ಅಳತೆ ಸರ್ಯಾಗದೆ," ಅಂದ.

ಎಡಗಾಲಿನದನ್ನು ಲಕ್ಕಯ್ಯ ಎತ್ತಿಕೊಂಡು ಹೊರಟ. ಗೌಡರ ಜಗಲಿಯ ಮೇಲೆ ಅದನ್ನೂ ಕಾರಿನ ಕೀಯನ್ನೂ ಪಕ್ಕಪಕ್ಕ ಇಟ್ಟ.

ಗೌಡರು ಎರಡನ್ನೂ ನೋಡಿದರು. "ನಾಳೆ ಕೋರ್ಟಿಗೋಗ್ಬೇಕು. ಯಾರ್ಲಾ ಓಡ್ಸೋರು?"

"ಎತ್ತು ಕಟ್ಟಿ ಗೌಡ್ರೇ," ಅಂದ ಲಕ್ಕಯ್ಯ. "ಮುಂದ್ಕೆ."

ಬುದ್ಧಿ ಅನ್ನಲಿಲ್ಲ. ಅದೊಂದೇ ಅವನು ಗೆದ್ದದ್ದು, ಅದೂ ಜಗಲಿ ಇಳಿಯುವ ತನಕ. ಕೇರಿ ದೂರವೇನಿರಲಿಲ್ಲ. ಆದರೆ ಬಾಗಿಲಲ್ಲಿ ಕೂತ ತಮ್ಮನ ಎದುರಿಗೆ, ಎರಡು ಕಾಲಲ್ಲಿ ನಡೆದುಕೊಂಡು ಹೋಗಬೇಕಿತ್ತು.