ಚಹಾಪುಡಿ ಪೊಟ್ಟಣದ ರಬ್ಬರ್

ಹನ್ನೊಂದನೆಯ ದಿನ ಬೆಳಿಗ್ಗೆ ಮಗಳ ದೋಣಿ ಉತ್ತರಕ್ಕೆ ತಿರುಗಿತು. ದಾರಿ ತಪ್ಪಿತೋ, ಬೇಕೆಂದೇ ತಿರುಗಿತೋ ನಮಗೆ ಗೊತ್ತಾಗಲಿಲ್ಲ. ನಮಗೆ ಕಾಣುತ್ತಿದ್ದದ್ದು ಮೊಬೈಲಿನ ಪರದೆಯ ಮೇಲಿನ ಒಂದು ಹಸಿರು ಚುಕ್ಕೆ ಮಾತ್ರ. ನಾಲ್ಕು ಗಂಟೆಗೊಮ್ಮೆ ಅದು ಅಕ್ಕಿಕಾಳಿನಷ್ಟು ಜರುಗುತ್ತಿತ್ತು. ಹತ್ತು ದಿನ ನೆಟ್ಟಗೆ ಪಶ್ಚಿಮಕ್ಕೆ ಹೋಗುತ್ತಿದ್ದದ್ದು ಅಂದು ಇದ್ದಕ್ಕಿದ್ದಂತೆ ಮೂತಿ ತಿರುಗಿಸಿತ್ತು. ಪಂದ್ಯದ ಉಳಿದ ಹದಿಮೂರು ಚುಕ್ಕೆಗಳು ತಮ್ಮ ಪಾಡಿಗೆ ತಾವು ಪಶ್ಚಿಮಕ್ಕೇ ಹೋಗುತ್ತಿದ್ದವು.

"ಚುಕ್ಕೆ ಕೆಟ್ಟಿರ್ಬೇಕು ಕಣೇ," ಎಂದರು ನಮ್ಮವರು, ಹಿಟ್ಟು ನಾದುತ್ತಿದ್ದ ನನ್ನ ಮೂಗಿನ ಕೆಳಗೇ ಮೊಬೈಲ್ ಹಿಡಿದು.

"ಚುಕ್ಕೆ ಹೇಗ್ರೀ ಕೆಡುತ್ತೆ?"

"ಲಿಫ್ಟು ನಾಲ್ಕನೇ ಮಹಡಿ ಅಂತ ತೋರಿಸಿ ಎರಡರಲ್ಲಿ ನಿಲ್ಲಲ್ವಾ, ಹಾಗೆ."

ಅವರು ಮೂವತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡುವವರು. ಮೇಲೆ, ಕೆಳಗೆ ಬಿಟ್ಟರೆ ಬೇರೆ ದಿಕ್ಕು ಅವರಿಗೆ ಒಗ್ಗಿದ್ದಲ್ಲ. ಆದರೂ ಫ್ರಿಜ್ಜಿನ ಬಾಗಿಲಿಗೆ ಸಮುದ್ರದ ನಕ್ಷೆ ಅಂಟಿಸಿ, ಚುಕ್ಕೆ ಜರುಗಿದಾಗಲೆಲ್ಲ ಅದರ ಮೇಲೆ ಒಂದು ಮ್ಯಾಗ್ನೆಟ್ ಜರುಗಿಸುತ್ತಿದ್ದರು. ನಾನು ಹಾಲಿಗೆಂದು ಬಾಗಿಲು ಎಳೆದರೆ ದೋಣಿ ಜಾರಿ ಎಲ್ಲೋ ಹೋಗುತ್ತಿತ್ತು. ಹೀಗೆ ನಮ್ಮ ಮನೆಯಲ್ಲಿ ಎರಡು ದೋಣಿಗಳು, ಮೊಬೈಲಿನದ್ದೊಂದು, ಫ್ರಿಜ್ಜಿನದ್ದೊಂದು. ಮಗಳು ಯಾವುದರಲ್ಲಿದ್ದಾಳೆ ಎಂದು ನನಗೆ ಒಮ್ಮೊಮ್ಮೆ ನಿಜವಾಗಿಯೂ ಗೊಂದಲವಾಗುತ್ತಿತ್ತು.

ಐದು ಜನರ ಹಾಯಿದೋಣಿ ಅದು. ಗಾಳಿಯ ಬಲದಿಂದಲೇ ಸಮುದ್ರ ದಾಟಬೇಕು. ಸುಮಾರು ಇಪ್ಪತ್ನಾಲ್ಕು ದಿನದ ದಾರಿ. ನಡುವೆ ಯಾರಿಂದಲೂ ಯಾವ ಸಹಾಯವನ್ನೂ ಪಡೆಯುವಂತಿಲ್ಲ, ದಡದಿಂದ ನಾವು ಹವಾಮಾನ ಹೇಳಿದರೂ ಪಂದ್ಯದಿಂದ ಹೊರಗೆ. ನಮ್ಮ ಚೂಟಿಗೆ ಇದು ಮೊದಲ ಪಂದ್ಯ. ಉಳಿದ ನಾಲ್ವರೂ ಪಳಗಿದವರು. "ನಾನು ಒಂದು ತಪ್ಪು ಮಾಡಿದ್ರೆ ಸಾಕು ಅಮ್ಮ, ಮುಂದಿನ ಸಲ ಯಾರೂ ಕರೆಯಲ್ಲ," ಎಂದಿದ್ದಳು. ಅವಳಿಗೆ ವಹಿಸಿದ್ದು ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರ, ಮತ್ತು ಚುಕ್ಕಾಣಿ ಹಿಡಿಯುವುದರಲ್ಲಿ ಒಂದು ಸರದಿ. ಆ ಸರದಿಗಾಗಿಯೇ ಅವಳು ಎರಡು ವರ್ಷ ಒದ್ದಾಡಿದ್ದಳು.

ಹತ್ತು ಗಂಟೆಗೆ ಹಾಯಿ ಹೊಲಿಯುವ ಅಕ್ಕ ಬಂದರು. ಬೀದಿಯ ತುದಿಯ ಮನೆ ಅವರದು. ಹಿಂಭಾಗದ ಉದ್ದನೆಯ ಕೋಣೆಯಲ್ಲಿ ನೆಲದ ತುಂಬ ಬಟ್ಟೆ ಹರವಿಕೊಂಡು ದೋಣಿಗಳಿಗೆ ಹಾಯಿ ಹೊಲಿಯುತ್ತಾರೆ. ಈ ದೋಣಿಯ ಹಾಯಿಗಳೂ ಅವರದೇ, ದೋಣಿಯ ನಾಯಕನೂ ಅವರ ಮಗನೇ. ಪಂದ್ಯ ಶುರುವಾದಂದಿನಿಂದ ಹತ್ತರ ಚುಕ್ಕೆಯನ್ನು ನಾವಿಬ್ಬರೂ ಒಟ್ಟಿಗೆ ನೋಡುವುದು ರೂಢಿಯಾಗಿತ್ತು.

"ನಿನ್ನೆ ನಾಲ್ಕನೇ ಸ್ಥಾನ, ಇವತ್ತು ಒಂಬತ್ತು," ಎಂದರು ಅಕ್ಕ, ಚಪ್ಪಲಿ ಬಿಡುವ ಮೊದಲೇ. "ಇವನಿಗೆ ಏನು ಬಂತು ರೋಗ? ಉತ್ತರದಲ್ಲಿ ಗಾಳಿಯೇ ಇಲ್ಲ. ಇರೋದು ಬರೀ ಮೋಡ."

"ಏನಾದ್ರೂ ಯೋಚನೆ ಮಾಡಿರ್ತಾನೆ ಬಿಡಿ ಅಕ್ಕ."

"ಅವನು ಯೋಚನೆ ಮಾಡಿದಾಗಲೇ ನನಗೆ ಭಯ ಜಾಸ್ತಿ."

ನಾನು ಚಹಾಕ್ಕೆ ನೀರಿಟ್ಟೆ. ಅಕ್ಕ ಕಪಾಟಿನಿಂದ ಚಹಾಪುಡಿಯ ಪೊಟ್ಟಣ ತೆಗೆದುಕೊಟ್ಟರು. ಕೊಟ್ಟವರು ಕೈ ಬಿಡಲಿಲ್ಲ. ಪೊಟ್ಟಣದ ಬಾಯಿಗೆ ಸುತ್ತಿದ್ದ ಕಪ್ಪು ರಬ್ಬರನ್ನು ಬೆರಳಿನಿಂದ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿದರು.

"ಇದು ಎಲ್ಲಿ ಸಿಕ್ತು ನಿನಗೆ?"

"ಚೂಟಿದು. ಕೂದಲಿಗೆ ಹಾಕ್ಕೊಳ್ಳೋದು."

"ಇದು ಕೂದಲಿಗೆ ಹಾಕೋದಲ್ಲ ಕಣಮ್ಮ. ನೀರಿನ ಮಿಷನ್ನಿನ ರಬ್ಬರು. ನಮ್ಮನೇಲಿ ಕೂತು ಮಗ ಎಷ್ಟು ಸಲ ಬಿಚ್ಚಿ ಹಾಕಿಲ್ಲ! ಇದು ಸವೆದರೆ ಉಪ್ಪುನೀರು ಸೋರಿ ಸಿಹಿನೀರಿಗೆ ಸೇರುತ್ತೆ. ಅದಕ್ಕೇ ಬದಲಿಗೆ ಇರಲಿ ಅಂತ ಒಂದು ಡಬ್ಬಿ ತುಂಬ ಒಯ್ಯೋದು."

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಾನು ಉರಿ ಸಣ್ಣ ಮಾಡಿ ಅಕ್ಕನಿಗೆ ಎಲ್ಲ ಹೇಳಿದೆ.

ಆದದ್ದು ಇಷ್ಟು. ಒಬ್ಬೊಬ್ಬರ ಚೀಲವೂ ಐದು ಕಿಲೋ ಮೀರಬಾರದೆಂದು ನಾಯಕನ ಕಟ್ಟಪ್ಪಣೆ. ಭಾರ ಹೆಚ್ಚಾದರೆ ದೋಣಿ ನಿಧಾನವಂತೆ. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ್ದರು. ಹೊರಡುವ ದಿನ ಚೂಟಿ ಸ್ನಾನಕ್ಕೆ ಹೋದಾಗ, ನಾನು ಹೆಣೆದ ಉಣ್ಣೆಯ ಕಾಲುಚೀಲಗಳನ್ನು ಅವಳ ಚೀಲಕ್ಕೆ ತುರುಕಿದೆ. ತಕ್ಕಡಿ ಐದು ದಾಟಿತು. ಏನು ತೆಗೆಯಲಿ ಎಂದು ಹುಡುಕಿದಾಗ ಪಕ್ಕದ ಜೇಬಿನಲ್ಲಿ ಒಂದು ಬಿಳಿ ಡಬ್ಬಿ ಸಿಕ್ಕಿತು, ಒಳಗೆ ಹನ್ನೆರಡು ಕಪ್ಪು ರಬ್ಬರು. ಹಿಂದಿನ ವಾರವಷ್ಟೇ ಅವಳು ಕೂದಲನ್ನು ಕಿವಿಯ ಮೇಲಕ್ಕೆ ಕತ್ತರಿಸಿಕೊಂಡು ಬಂದಿದ್ದಳು. ಕಟ್ಟಲು ಕೂದಲೇ ಇಲ್ಲದವಳಿಗೆ ಇದೇಕೆ ಎಂದುಕೊಂಡೆ. ಡಬ್ಬಿ ತೆಗೆದು ಅಡುಗೆಮನೆಯ ಡ್ರಾಯರಿಗೆ ಹಾಕಿದೆ. ರಬ್ಬರು ಚೆನ್ನಾಗಿ ಹಿಗ್ಗುತ್ತಿತ್ತು. ಸಕ್ಕರೆ, ಬೇಳೆ, ಮೆಣಸಿನ ಪುಡಿ, ಒಂದೊಂದೇ ಪೊಟ್ಟಣಕ್ಕೆ ಸುತ್ತುತ್ತ ಹೋದೆ.

ಹೇಳಿ ಮುಗಿಸಿದಾಗ ಅಕ್ಕ ಪೊಟ್ಟಣವನ್ನು ಕಪಾಟಿಗೆ ವಾಪಸು ಇಟ್ಟರು. ಚಹಾ ಕುಡಿಯಲಿಲ್ಲ. "ಅಂಚು ಹೊಲಿಯೋದಿದೆ," ಎಂದು ಎದ್ದು ಹೋದರು. ನಾಲ್ಕರಿಂದ ಒಂಬತ್ತಕ್ಕೆ ಇಳಿದವನು ಅವರ ಮಗ. ಅವರು ಬೈದಿದ್ದರೆ ಒಳ್ಳೆಯದಿತ್ತು.

ನನ್ನ ತಲೆಯೊಳಗೆ ಎಲ್ಲ ಕಲಸಿಹೋಯಿತು. ನೀರಿಲ್ಲದೆ ತಿರುಗಿದರೋ, ಇಲ್ಲ ಬೇರೆ ಏನಾದರೂ ಆಯಿತೋ? ಯಂತ್ರ ಕೆಟ್ಟೇ ಇಲ್ಲದಿದ್ದರೆ ನಾನು ಸುಮ್ಮನೆ ಹೇಳಿ ಹೆದರಿಸಿದಂತೆ. ಕೆಟ್ಟಿದ್ದರೆ, ಹೇಳದೆ ಕೂತರೆ, ಇಲ್ಲದ ಡಬ್ಬಿಯನ್ನು ಅವಳು ಹುಡುಕುತ್ತಲೇ ಇರುತ್ತಾಳೆ. ಹೇಳಿದರೆ ಅದು ಸಹಾಯ ಎಂದು ಎಲ್ಲರನ್ನೂ ಪಂದ್ಯದಿಂದ ಹೊರಗೆ ಹಾಕಿದರೆ?

"ಹೇಳಿ ಏನು ಉಪಯೋಗ?" ಎಂದರು ಇವರು. "ರಬ್ಬರು ಈಜ್ಕೊಂಡು ಹೋಗುತ್ತಾ?"

"ಹಾಗಾದ್ರೆ ಸುಮ್ಮನಿರ್ಲಾ?"

"ಸುಮ್ಮನಿರು ಅಂದ್ನಾ ನಾನು?"

"ಮತ್ತೆ ಏನು ಮಾಡ್ಲಿ?"

"ಅದೇ ನನಗೂ ಗೊತ್ತಾಗ್ತಿಲ್ಲ," ಎಂದು ಅವರು ಮ್ಯಾಗ್ನೆಟ್ಟನ್ನು ಉತ್ತರಕ್ಕೆ ಇಟ್ಟು, ಮತ್ತೆ ಪಶ್ಚಿಮಕ್ಕೆ ಇಟ್ಟು, ಕೊನೆಗೆ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದರು.

ಬಟ್ಟೆ ಒಣಹಾಕಿ ಬಂದು ಪಂದ್ಯದ ಕಚೇರಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಎತ್ತಿದಳು.

"ದೋಣಿಗೆ ಒಂದು ವಿಷಯ ತಿಳಿಸ್ಬೇಕಮ್ಮ."

"ಸಹಾಯಾನಾ, ಸುದ್ದಿನಾ, ಮೇಡಂ? ಸಹಾಯ ಆದ್ರೆ ಆಗಲ್ಲ. ಸುದ್ದಿ ಆದ್ರೆ ಇಪ್ಪತ್ತು ಪದ."

"ಎರಡೂ ಅಲ್ಲ. ನಾನೊಂದು ತಪ್ಪು ಮಾಡಿದೀನಿ, ಒಪ್ಕೋಬೇಕು."

ಆ ಕಡೆ ಕಾಗದ ಸರಿಸುವ ಸದ್ದು. "ಅದಕ್ಕೆ ಕಾಲಂ ಇಲ್ವಲ್ಲ ಮೇಡಂ."

ಎಲ್ಲವನ್ನೂ ವಿವರಿಸಿದೆ. ಅವಳು ಯಾರನ್ನೋ ಕೇಳಿದಳು, ಅವರು ಇನ್ನಾರನ್ನೋ ಕೇಳಿದರು. ಈ ನಡುವೆ ನಾನು ಫೋನನ್ನು ಹೆಗಲಿಗೆ ಒತ್ತಿಕೊಂಡೇ ಬೀನ್ಸ್ ಹೆಚ್ಚಿ ಮುಗಿಸಿದೆ. ಕೊನೆಗೆ ಅವಳೇ ಬಂದು ಹೇಳಿದಳು: "ವಸ್ತು ಎಲ್ಲಿದೆ ಅಂತ ಹೇಳ್ಬಹುದಂತೆ. ಏನು ಮಾಡ್ಬೇಕು ಅಂತ ಮಾತ್ರ ಹೇಳ್ಬೇಡಿ."

"ಏನು ಮಾಡ್ಬೇಕು ಅಂತ ನನಗೇ ಗೊತ್ತಿಲ್ಲಮ್ಮ," ಎಂದೆ.

ಹಾಲಿನ ಲೆಕ್ಕದ ಚೀಟಿಯ ಹಿಂದೆ ಬರೆದು, ಹೊಡೆದುಹಾಕಿ, ಮತ್ತೆ ಬರೆದು ಅವಳಿಗೆ ಓದಿ ಹೇಳಿದೆ: "ರಬ್ಬರಿನ ಬಿಳಿ ಡಬ್ಬಿ ಮನೆಯಲ್ಲಿದೆ. ಚೂಟಿ ಚೀಲಕ್ಕೆ ಹಾಕಿದ್ದಳು. ಕೂದಲಿನದೆಂದು ನಾನೇ ತೆಗೆದು ಕಾಲುಚೀಲ ಇಟ್ಟೆ. ಅವಳಿಗೆ ಗೊತ್ತಿಲ್ಲ. ಅಮ್ಮ."

ಮರುದಿನ ಹತ್ತಕ್ಕೆ ಅಕ್ಕ ಬರುವುದಿಲ್ಲ ಎಂದುಕೊಂಡು ಒಂದೇ ಲೋಟಕ್ಕೆ ನೀರಿಟ್ಟಿದ್ದೆ. ಬಂದರು. ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ.

"ತೂಕ, ತೂಕ ಅಂತ ಎಲ್ಲರ ತಲೆ ತಿಂದವನು ನನ್ನ ಮಗನೇ," ಎಂದರು ಕೂರುತ್ತ. "ನನಗೂ ಒಂದು ಸ್ವೆಟರ್ ಇಡೋ ಆಸೆ ಇತ್ತು. ಧೈರ್ಯ ಬರಲಿಲ್ಲ. ರಾತ್ರಿಯೆಲ್ಲ ನಿನ್ನ ಮೇಲೆ ಸಿಟ್ಟೋ, ಹೊಟ್ಟೆಕಿಚ್ಚೋ ಅಂತ ಗೊತ್ತಾಗ್ದೆ ಒದ್ದಾಡಿದೆ. ನೀರು ಇನ್ನೊಂದು ಲೋಟ ಹಾಕು."

ಹತ್ತರ ಚುಕ್ಕೆ ಇನ್ನೂ ಉತ್ತರದಲ್ಲೇ ಇತ್ತು, ಹೆಚ್ಚುಕಡಿಮೆ ನಿಂತಲ್ಲೇ. ಹನ್ನೆರಡೂವರೆಗೆ, ನಾವಿಬ್ಬರೂ ಒಗೆದ ಬಟ್ಟೆ ಮಡಿಸುತ್ತಿದ್ದಾಗ, ಮೊಬೈಲ್ ಗುರ್ ಎಂದಿತು. ಕಚೇರಿಯ ಹುಡುಗಿ ದೋಣಿಯ ಉತ್ತರವನ್ನು ಹಾಗೆಯೇ ಕಳಿಸಿದ್ದಳು. ನಾನು ಮೊಬೈಲನ್ನು ಅಕ್ಕನ ಕೈಗಿಟ್ಟೆ, ಅವರೇ ಓದಿದರು.

"ಅಮ್ಮ, ಐದನೇ ದಿನ ಮಿಷನ್ ಸೋರಿತು. ಡಬ್ಬಿ ತಂದಿದ್ದೆ ಅಂದೆ, ಯಾರೂ ನಂಬಲಿಲ್ಲ. ಮೂರು ಸಲ ದೋಣಿಯನ್ನೆಲ್ಲ ಖಾಲಿ ಮಾಡಿ ಹುಡುಕಿದ್ವಿ. ಕೊನೆಗೆ ನನಗೇ ನನ್ನ ಮೇಲೆ ಅನುಮಾನ ಬಂತು. ಚುಕ್ಕಾಣಿ ಸರದಿಯಿಂದ ನನ್ನನ್ನು ತೆಗೆದಿದ್ರು. ನೀರಿಗಾಗಿ ಮಳೆಮೋಡ ಹುಡುಕಿಕೊಂಡು ಬಂದ್ವಿ, ಇವತ್ತು ಬೆಳಿಗ್ಗೆ ಸಿಕ್ತು, ಹಾಯಿಯಲ್ಲೇ ಹಿಡಿದ್ವಿ. ನಿನ್ನ ಸಂದೇಶ ಎಲ್ಲರ ಮುಂದೆ ನಾಯಕ ಎರಡು ಸಲ ಓದಿದ. ಇವತ್ತಿನಿಂದ ಮತ್ತೆ ಸರದಿ ಕೊಟ್ಟಿದ್ದಾನೆ. ಕಾಲುಚೀಲ ಬೆಚ್ಚಗಿದೆ, ಬಯ್ಯೋಕೂ ಆಗ್ತಿಲ್ಲ."

ಅಕ್ಕ ಮೊಬೈಲನ್ನು ಮಡಿಸಿದ ಬಟ್ಟೆಯ ಮೇಲೆ ಇಟ್ಟರು. "ನನ್ನ ಹಾಯಿಯಲ್ಲಿ ಮಳೆ ಹಿಡಿದ್ರಂತೆ," ಎಂದರು. "ಗಾಳಿ ಹಿಡೀಲಿ ಅಂತ ಹೊಲಿದಿದ್ದೆ."

ನಾನು ಅತ್ತೆನೋ ನಕ್ಕೆನೋ ನನಗೇ ತಿಳಿಯಲಿಲ್ಲ. ಏಳು ದಿನ ಮಗಳು ಸುಳ್ಳುಗಾರ್ತಿಯಂತೆ ಕೂತಿದ್ದಳು, ನನ್ನ ಕಾಲುಚೀಲ ಹಾಕಿಕೊಂಡೇ. ಆ ಏಳು ದಿನಗಳನ್ನು ನಾನು ಹೇಗೆ ವಾಪಸು ಕೊಡಲಿ?

ಅಡುಗೆಮನೆಗೆ ಹೋಗಿ ಪೊಟ್ಟಣಗಳಿಂದ ರಬ್ಬರುಗಳನ್ನು ಒಂದೊಂದಾಗಿ ಬಿಚ್ಚಿದೆ. ಸೋಪು ಹಾಕಿ ತೊಳೆದು, ಒರೆಸಿ, ಬಿಳಿ ಡಬ್ಬಿಗೆ ತುಂಬಿದೆ. ಪೊಟ್ಟಣಗಳ ಬಾಯಿಗೆ ಬಟ್ಟೆಯ ಕ್ಲಿಪ್ಪು ಸಿಕ್ಕಿಸಿದೆ. ರಬ್ಬರು ಎಣಿಸಿದರೆ ಹನ್ನೊಂದೇ ಇದ್ದವು. ಡ್ರಾಯರಿನಲ್ಲಿ ಇಲ್ಲ, ಕಪಾಟಿನಲ್ಲಿ ಇಲ್ಲ, ಒಲೆಯ ಹಿಂದೆಯೂ ಇಲ್ಲ. ಮತ್ತೆ ಮೊದಲಿನಿಂದ ಎಲ್ಲವನ್ನೂ ತೆಗೆದು ನೆಲದ ಮೇಲೆ ಹರವಿದೆ. ದೋಣಿಯಲ್ಲಿ ಅವಳೂ ಹೀಗೆಯೇ ಹುಡುಕಿರಬೇಕು ಎನಿಸಿತು.

"ಏನು ಹುಡುಕ್ತಿದೀಯ?" ಎಂದು ಅಕ್ಕ ಬಾಗಿಲಲ್ಲಿ ನಿಂತು ಕೇಳಿದರು.

"ಇನ್ನೊಂದು ಇರ್ಬೇಕಿತ್ತು ಅಕ್ಕ."

"ತಿರುಗು ಸ್ವಲ್ಪ," ಎಂದರು. ತಿರುಗಿದೆ. ನನ್ನ ಜಡೆಯ ತುದಿಯಿಂದ ಹನ್ನೆರಡನೆಯದನ್ನು ಬಿಚ್ಚಿ, ಸಿಕ್ಕಿಕೊಂಡಿದ್ದ ಕೂದಲನ್ನು ಎಳೆದು ತೆಗೆದು, ನನ್ನ ಅಂಗೈಯಲ್ಲಿ ಇಟ್ಟರು.

ಎರಡು ಗಂಟೆಗೆ ಇವರು ಊಟಕ್ಕೆ ಬಂದು ಮೊಬೈಲ್ ನೋಡಿದರು. ಜೇಬಿನಿಂದ ಮ್ಯಾಗ್ನೆಟ್ ತೆಗೆದು ಫ್ರಿಜ್ಜಿನ ನಕ್ಷೆಯ ಮೇಲೆ ಹಿಡಿದರು.

"ಪಶ್ಚಿಮಕ್ಕೆ ತಿರುಗಿದೆ ಕಣೇ. ಹನ್ನೊಂದನೇ ಸ್ಥಾನ. ಇದು ಒಳ್ಳೇದೋ ಕೆಟ್ಟದ್ದೋ?"

"ಗೊತ್ತಿಲ್ಲ," ಎಂದೆ, ಬಿಚ್ಚಿದ ಜಡೆಯನ್ನು ಹಾಗೆಯೇ ಗಂಟು ಹಾಕಿಕೊಂಡು. "ಚುಕ್ಕಾಣಿ ಮಾತ್ರ ಚೂಟಿ ಹಿಡಿದಿದ್ದಾಳೆ. ಅಲ್ಲೇ ಇಡಿ. ಇವತ್ತು ಫ್ರಿಜ್ಜಿನ ಬಾಗಿಲು ತೆಗೆಯಲ್ಲ."